ಚಾರ್ಲ್ಸ್‌ಟನ್‌ನ ಹಳೆ ಮನೆಗಳು: ಅಡುಗೆಮನೆ ಎಲ್ಲಿ ಅಂತ ಕೇಳಿ

ಪ್ರಶ್ನೆ: ನಾವು ನಾರ್ತ್ ಕೆರೊಲೈನಾದ ಷಾರ್ಲಟ್‌ನಲ್ಲಿದ್ದೇವೆ. ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದಾರೆ, ಅಕ್ಟೋಬರ್ ಕೊನೆಯವರೆಗೆ ಇರುತ್ತಾರೆ. ಅಪ್ಪ ನಿವೃತ್ತ ಚರಿತ್ರೆ ಮೇಷ್ಟ್ರು, ಮೊಣಕಾಲು ನೋವಿದೆ. ಅಮ್ಮ ಶುದ್ಧ ಸಸ್ಯಾಹಾರಿ. ಮಗಳಿಗೆ 9 ವರ್ಷ. ಜುಲೈ ಕೊನೆಯಲ್ಲಿ ಮೂರು ದಿನ ಪಕ್ಕದ ಸೌತ್ ಕೆರೊಲೈನಾದ ಚಾರ್ಲ್ಸ್‌ಟನ್‌ಗೆ ಹೋಗೋಣ ಅಂತ ಹತ್ತು ಹಳೆ ಮನೆ, ಎಸ್ಟೇಟುಗಳ ಪಟ್ಟಿ ಮಾಡಿದ್ದೇನೆ. ಎಲ್ಲದಕ್ಕೂ ಬೇರೆ ಬೇರೆ ಟಿಕೆಟ್. ಹಿಂದೊಮ್ಮೆ ಹೋದಾಗ ಒಂದೇ ಬೀದಿಯ ಬಗ್ಗೆ ಇಬ್ಬರು ಗೈಡ್‌ಗಳು ಎರಡು ಕಥೆ ಹೇಳಿದ್ದರು. ಯಾವುದನ್ನು ನಂಬಬೇಕೋ ಗೊತ್ತಾಗಲಿಲ್ಲ. ಈಗ ಗೆಳತಿಯೊಬ್ಬಳು, "ಗುಲಾಮರ ಬೆವರಿನಿಂದ ಕಟ್ಟಿದ ಬಂಗಲೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದು ಸರಿನಾ?" ಅಂದಳು. ಆವತ್ತಿನಿಂದ ಮನಸ್ಸಿಗೆ ಒಂಥರಾ ಆಗಿದೆ. ಹೋಗಬೇಕಾ, ಬೇಡವಾ? ಮಗಳಿಗೆ ಏನು ಹೇಳಲಿ?

ಉತ್ತರ: ನಾನು ಹಳೆ ಕಟ್ಟಡಗಳ ದುರಸ್ತಿ ಮಾಡಿಸುವ ವಾಸ್ತುಶಿಲ್ಪಿ. ಈ ಕರಾವಳಿಯ ಇಟ್ಟಿಗೆ, ಗಾರೆ, ಗೆದ್ದಲಿನ ಜೊತೆಯಲ್ಲೇ ನನ್ನ ದಿನ ಕಳೆಯುತ್ತದೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ನಿಮ್ಮ ಹಾಗೆಯೇ ಪಟ್ಟಿ ಮಾಡಿದ್ದೆ. ಊರಿಂದ ಬಂದಿದ್ದ ಅಮ್ಮನಿಗೆ ಒಂದೇ ದಿನ ಐದು ಮನೆ ತೋರಿಸಿದೆ. ಝೂಮರ್ ದೀಪ, ಬೆಳ್ಳಿ ತಟ್ಟೆ, ಮತ್ತೆ ಝೂಮರ್ ದೀಪ. ಐದನೇ ಮನೆಯಲ್ಲಿ ಅಮ್ಮ ಸುಸ್ತಾಗಿ ಕೇಳಿದರು: "ಅಲ್ಲ ಕಣೋ, ಇಷ್ಟು ದೊಡ್ಡ ಮನೆ, ಅಡುಗೆಮನೆ ಎಲ್ಲಿ?" ಗೈಡ್‌ನನ್ನು ಕೇಳಿದೆ. ಆತ ಹಿತ್ತಿಲಿನ ಕಡೆ ಕೈ ತೋರಿಸಿದ. ಅಲ್ಲಿ ಸೋಪು, ಮೇಣದಬತ್ತಿ ಮಾರುವ ಅಂಗಡಿ ಇತ್ತು. ಅಡುಗೆಮನೆಯನ್ನೇ ಅಂಗಡಿ ಮಾಡಿದ್ದರು.

ಆಮೇಲೆ ನಾನು ಯಾವ ಹಳೆ ಮನೆಗೆ ಹೋದರೂ ಮೊದಲು ಕೇಳೋದು ಅಮ್ಮನ ಪ್ರಶ್ನೆಯನ್ನೇ. ಇಲ್ಲಿನ ದೊಡ್ಡ ಮನೆಗಳಲ್ಲಿ ಅಡುಗೆಮನೆ ಸಾಮಾನ್ಯವಾಗಿ ಹಿಂದೆ, ಬೇರೆ ಕಟ್ಟಡದಲ್ಲಿ. ಒಲೆಯ ಬಿಸಿ, ಬೆಂಕಿಯ ಭಯ ಎರಡೂ ದೂರ ಇರಲಿ ಅಂತ. ಆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಒಲೆಯ ಕಾವಿನ ಮೇಲೆಯೇ, ಗುಲಾಮರು ಮಲಗುತ್ತಿದ್ದರು. ನಿಮ್ಮ ಗೆಳತಿ ಕೇಳಿದ ಪ್ರಶ್ನೆಗೆ ಉತ್ತರ ಸಿಗೋದು ಆ ಹಿತ್ತಿಲಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗೈಡ್‌ಗಳ ಕಥೆ ಮುಗಿಸೋಣ.

ಚಾರ್ಲ್ಸ್‌ಟನ್‌ನಲ್ಲಿ ಗೈಡ್ ಆಗಬೇಕಾದರೆ ಹಿಂದೆ ನಗರಸಭೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕಿತ್ತು. 2018ರಲ್ಲಿ ಫೆಡರಲ್ ನ್ಯಾಯಾಲಯ ಆ ನಿಯಮವನ್ನು ತೆಗೆದುಹಾಕಿತು. ಮಾತಾಡಲು ಲೈಸೆನ್ಸ್ ಬೇಕು ಅನ್ನುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ತೀರ್ಪು. ಈಗ ಯಾರು ಬೇಕಾದರೂ ಜನರನ್ನು ಕರೆದುಕೊಂಡು ಕಥೆ ಹೇಳಬಹುದು. ಪರೀಕ್ಷೆ ಬೇಕಾದವರು ಬರೆಯಬಹುದು, ಕಡ್ಡಾಯವಿಲ್ಲ. ಹಾಗಂತ ಎಲ್ಲರೂ ಸುಳ್ಳು ಹೇಳುತ್ತಾರೆ ಅಂತಲ್ಲ. ಓದಿಕೊಂಡ, ಅದ್ಭುತ ಗೈಡ್‌ಗಳು ಇಲ್ಲಿದ್ದಾರೆ. ಆದರೆ ಅಂತೆಕಂತೆಗಳ ಸಂತೆಯೂ ಜೋರಾಗಿದೆ.

ನೀವು ಖಂಡಿತ ಕೇಳುವ ಕಥೆ ಒಂದಿದೆ. "ಇಲ್ಲಿನ ಮನೆಗಳು ಬೀದಿಗೆ ಯಾಕೆ ಇಷ್ಟು ಕಿರಿದು ಗೊತ್ತಾ? ಬೀದಿ ಕಡೆಯ ಅಗಲ ನೋಡಿ ತೆರಿಗೆ ಹಾಕುತ್ತಿದ್ದರು!" ಕೇಳಲು ಚೆನ್ನಾಗಿದೆ. ಆದರೆ ಅಂಥ ತೆರಿಗೆ ಇತ್ತು ಅನ್ನುವುದಕ್ಕೆ ದಾಖಲೆಯೇ ಇಲ್ಲ. ಒಂದು ಕೋಣೆಯಷ್ಟೇ ಅಗಲದ ಈ ಮನೆಗೆ ಇಲ್ಲಿ 'ಸಿಂಗಲ್ ಹೌಸ್' ಅನ್ನುತ್ತಾರೆ. ನಮ್ಮ ಅಗ್ರಹಾರದ ಮನೆ ನೆನಪಿಸಿಕೊಳ್ಳಿ. ಬೀದಿಗೆ ಕಿರಿದು, ಹಿತ್ತಿಲಿಗೆ ಉದ್ದ. ಇಲ್ಲಿಯೂ ನಿವೇಶನಗಳು ಹಾಗೆಯೇ ಇದ್ದವು. ಆ ಉದ್ದ ನಿವೇಶನದಲ್ಲಿ ಗಾಳಿಗಾಗಿ ಮನೆಯನ್ನು ಅಡ್ಡ ತಿರುಗಿಸಿ ಇಟ್ಟರು. ಪಕ್ಕದ ಉದ್ದಕ್ಕೂ 'ಪಿಯಾಜ಼ಾ' ಅನ್ನುವ ಜಗಲಿ. ಅದು ಹೆಚ್ಚಾಗಿ ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ ಮುಖ ಮಾಡಿರುತ್ತದೆ. ಬೇಸಿಗೆಯಲ್ಲಿ ಬಂದರಿನ ಗಾಳಿ ಬೀಸೋದು ಆ ಕಡೆಯಿಂದಲೇ. ಒಂದು ಕೋಣೆ ಅಗಲ ಅಂದರೆ ಪ್ರತಿ ಕೋಣೆಗೂ ಎರಡೂ ಕಡೆ ಕಿಟಕಿ. ಗಾಳಿ ಒಳಗೆ ಬಂದು ಹೊರಗೆ ಹೋಗುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ, ಮಗಳಿಗೆ ತೋರಿಸಿ. ಬೀದಿಯಲ್ಲಿ ಗಂಭೀರವಾದ ಮುಂಬಾಗಿಲು ಇರುತ್ತದೆ. ತೆರೆದರೆ ಒಳಗೆ ಮನೆ ಇಲ್ಲ, ಜಗಲಿ! ಬಯಲಿಗೆ ಬಾಗಿಲು. ಆ ಬಾಗಿಲು ಮುಚ್ಚಿದ್ದರೆ ಮನೆಯವರು ಯಾರನ್ನೂ ಎದುರು ನೋಡುತ್ತಿಲ್ಲ ಅಂತ ಅರ್ಥ. ಇನ್ನೊಂದು ಪದ್ಧತಿ, ಮನೆಯ ಉತ್ತರದ ಗೋಡೆಯಲ್ಲಿ ಕಿಟಕಿ ಕಡಿಮೆ. ಯಾಕೆಂದರೆ ಅಲ್ಲಿಂದ ನೋಡಿದರೆ ಪಕ್ಕದವರ ಜಗಲಿ ಕಾಣುತ್ತದೆ. ಸೆಕೆಗೆ ಅರ್ಧ ಬಟ್ಟೆಯಲ್ಲಿ ಕೂತವರನ್ನು ಇಣುಕಿ ನೋಡಬಾರದು ಅಲ್ವಾ?

ಈಸ್ಟ್ ಬೇ ಬೀದಿಯ 13 ಬಣ್ಣದ ಮನೆಗಳು, ಅಂದರೆ 'ರೇನ್‌ಬೋ ರೋ', ಬಗ್ಗೆ ಹೇಳುವ ಕಥೆಯೂ ಇಂಥದ್ದೇ. ಕುಡಿದ ನಾವಿಕರು ತಮ್ಮ ಮನೆ ಗುರುತು ಹಿಡಿಯಲಿ ಅಂತ ಬಣ್ಣ ಬಳಿದರಂತೆ. ಇನ್ನೊಬ್ಬ ಗೈಡ್ ಪ್ರಕಾರ, ಓದು ಬಾರದ ಗಿರಾಕಿಗಳಿಗೆ ಅಂಗಡಿ ಗೊತ್ತಾಗಲಿ ಅಂತ. ಎರಡೂ ಸುಳ್ಳು. ಅವು 18ನೇ ಶತಮಾನದ ವ್ಯಾಪಾರಿಗಳ ಕಟ್ಟಡಗಳು. ಕೆಳಗೆ ಅಂಗಡಿ, ಮೇಲೆ ಮನೆ. 20ನೇ ಶತಮಾನದ ಹೊತ್ತಿಗೆ ಕೊಳಚೆಯಾಗಿ ಹಾಳು ಬಿದ್ದಿದ್ದವು. 1931ರಲ್ಲಿ ಡೊರೊತಿ ಪೋರ್ಷರ್ ಲೆಗ್ಗೆ ಎಂಬಾಕೆ ಅದರಲ್ಲಿ ಒಂದು ಭಾಗ ಕೊಂಡು ತಿಳಿ ಗುಲಾಬಿ ಬಣ್ಣ ಹೊಡೆಸಿದರು. ಅಕ್ಕಪಕ್ಕದವರು ಅನುಸರಿಸಿದರು. ನೀವು ಫೋಟೋ ತೆಗೆಯುವ ಬಣ್ಣಕ್ಕೆ ಇನ್ನೂ ನೂರು ವರ್ಷ ಆಗಿಲ್ಲ.

ಇನ್ನು ಗೋಡೆಗಳ ಮೇಲಿನ ಕಬ್ಬಿಣದ ಬಿಲ್ಲೆಗಳು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಜಾಸ್ತಿ ಹೇಳಿದರೆ ಕ್ಷಮಿಸಿ. 1886ರ ಆಗಸ್ಟ್ 31ರ ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಇಲ್ಲಿ ಭೂಕಂಪವಾಯಿತು. ತೀವ್ರತೆ ಸುಮಾರು 7. ಇಟ್ಟಿಗೆ ಮನೆಗಳ ಗೋಡೆಗಳು ಹೊರಕ್ಕೆ ಬಾಗಿದವು, ಅನೇಕ ಕಡೆ ಬಿದ್ದವು. ಆಮೇಲೆ ಎದುರು ಬದುರು ಗೋಡೆಗಳ ನಡುವೆ, ನೆಲದ ಹಲಗೆಗಳ ಕೆಳಗೆ, ಉದ್ದನೆಯ ಕಬ್ಬಿಣದ ಸರಳು ತೂರಿಸಿ ಎರಡೂ ತುದಿಗೆ ಬಿಲ್ಲೆ ಹಾಕಿ ಬಿಗಿದರು. ನೀವು ನೋಡುವ ನಕ್ಷತ್ರ, ಸಿಂಹದ ಮುಖ, ಶಿಲುಬೆ ಎಲ್ಲ ಆ ಬಿಲ್ಲೆಯ ಅಲಂಕಾರ. "ಬೋಲ್ಟು ತಿರುಗಿಸಿ ತಿರುಗಿಸಿ ಬಾಗಿದ ಗೋಡೆಯನ್ನು ನೆಟ್ಟಗೆ ಮಾಡಿದರು" ಅಂತ ಗೈಡ್ ಹೇಳಿದರೆ ನಕ್ಕು ಸುಮ್ನಾಗಿ. ಆ ಸರಳು ಗೋಡೆಯನ್ನು ಎಳೆದು ತರೋದಿಲ್ಲ, ಇನ್ನಷ್ಟು ಹೊರಗೆ ಹೋಗದಂತೆ ಹಿಡಿಯುತ್ತದೆ, ಅಷ್ಟೇ. ಅದೂ ಗೋಡೆಯ ಗಾರೆ ಗಟ್ಟಿಯಾಗಿದ್ದರೆ ಮಾತ್ರ. ನನಗೆ ಭೂಕಂಪಕ್ಕಿಂತ ತುಕ್ಕಿನ ಚಿಂತೆ ಜಾಸ್ತಿ. ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಹಿಗ್ಗುತ್ತದೆ, ಸುತ್ತಲಿನ ಇಟ್ಟಿಗೆಯನ್ನು ಒಳಗಿಂದಲೇ ಸೀಳುತ್ತದೆ. ಕಾಯಲು ನಿಲ್ಲಿಸಿದವನೇ ಕನ್ನ ಹಾಕಿದ ಹಾಗೆ.

ಈ ಇಟ್ಟಿಗೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಆರಂಭದ ಕಾಲದಲ್ಲಿ ಸಿಂಪಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ನಮ್ಮ ಕರಾವಳಿಯ ಚಿಪ್ಪು ಸುಣ್ಣದ ಹಾಗೆ. ಆ ಗಾರೆ ಮೆತ್ತಗೆ, ಉಸಿರಾಡುತ್ತದೆ. ನಡುವೆ ಯಾರೋ ಬುದ್ಧಿವಂತರು ಸಿಮೆಂಟ್ ಬಳಿದ ಗೋಡೆಗಳಲ್ಲಿ ನೀರು ಒಳಗೇ ಸಿಕ್ಕಿಬಿದ್ದು ಇಟ್ಟಿಗೆ ಪುಡಿಯಾಗುತ್ತದೆ. ಬೀದಿಯಲ್ಲಿ ನಡೆಯುವಾಗ ಗಾರೆ ಎದ್ದು ನಿಂತು ಇಟ್ಟಿಗೆ ಮಾತ್ರ ಸವೆದು ಹೋದ ಗೋಡೆ ಕಂಡರೆ, ಅದು ಸಿಮೆಂಟಿನ ಕೆಲಸ ಇರಬಹುದು.

ಉಳಿದ ಕಥೆಗಳನ್ನು ಬೇಗ ಮುಗಿಸುತ್ತೇನೆ. ಸಿಟಿ ಮಾರ್ಕೆಟ್ಟನ್ನು 'ಗುಲಾಮರ ಸಂತೆ' ಅಂತ ತೋರಿಸುವವರಿದ್ದಾರೆ. ಅಲ್ಲಿ ಮಾರುತ್ತಿದ್ದುದು ಮಾಂಸ, ಮೀನು, ತರಕಾರಿ. ಮನುಷ್ಯರನ್ನು ಹರಾಜು ಹಾಕುತ್ತಿದ್ದುದು ಹಳೆ ಎಕ್ಸ್‌ಚೇಂಜ್ ಕಟ್ಟಡದ ಪಕ್ಕದ ಬಯಲಿನಲ್ಲಿ. 1856ರಲ್ಲಿ ಬಹಿರಂಗ ಹರಾಜು ನಿಷೇಧವಾದ ಮೇಲೆ ಒಳಗಿನ ಕಟ್ಟಡಗಳಲ್ಲಿ. ಜಾನ್ಸ್ ದ್ವೀಪದ ಏಂಜಲ್ ಓಕ್ ಮರಕ್ಕೆ 1,500 ವರ್ಷ ಅನ್ನುತ್ತಾರೆ. ಮುನ್ನೂರರಿಂದ ಐನೂರು ಅನ್ನುವುದು ನಂಬಬಹುದಾದ ಅಂದಾಜು. ಅಷ್ಟು ಸಾಲದಾ? ಹೋಗಿ ನೋಡಿ, ಟಿಕೆಟ್ ಇಲ್ಲ, ಕೊಂಬೆಗಳು ನೆಲ ಮುಟ್ಟಿ ಮತ್ತೆ ಮೇಲೇಳುತ್ತವೆ.

ಜಗಲಿಯ ಚಾವಣಿಗೆ ಬಳಿದ ತಿಳಿ ನೀಲಿ ಬಣ್ಣದ ಕಥೆ ಮಾತ್ರ ಸುಳ್ಳಲ್ಲ. ಆಫ್ರಿಕಾದಿಂದ ತಂದ ಜನರ ವಂಶಸ್ಥರಾದ ಗಲ್ಲಾ ಗೀಚಿ ಸಮುದಾಯದ ನಂಬಿಕೆ ಅದು. ಆ ನೀಲಿ ಇದ್ದರೆ ದುಷ್ಟ ಆತ್ಮಗಳು ಒಳಗೆ ಬರೋದಿಲ್ಲ. ನಿಮ್ಮ ಅಮ್ಮನಿಗೆ ವಿವರಿಸುವ ಅಗತ್ಯವೇ ಇಲ್ಲ. ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಆ ಬಣ್ಣಕ್ಕೆ ಕಣಜ ಗೂಡು ಕಟ್ಟೋದಿಲ್ಲ ಅನ್ನುವ ಮಾತು ಬೇರೆ ಇದೆ. ನೀಲಿ ಚಾವಣಿಯ ಕೆಳಗೇ ಏಣಿ ಹತ್ತಿ ಕಣಜದಿಂದ ಕಚ್ಚಿಸಿಕೊಂಡವನು ನಾನು.

ಈಗ ನಿಮ್ಮ ಗೆಳತಿಯ ಪ್ರಶ್ನೆಗೆ ಬರೋಣ.

ಈ ಊರಿನ ಹಣ ಬಂದದ್ದು ಅಕ್ಕಿಯಿಂದ, ನೀಲಿ ಗಿಡದಿಂದ, ಮನುಷ್ಯರ ವ್ಯಾಪಾರದಿಂದ. 1860ರ ಜನಗಣತಿಯಲ್ಲಿ ಸೌತ್ ಕೆರೊಲೈನಾದ ನೂರಕ್ಕೆ 57 ಜನ ಗುಲಾಮರು. ಇಲ್ಲಿನ ಭತ್ತದ ಗದ್ದೆಗಳು ನದಿ ಮುಖದ ಬಳಿ ಇದ್ದವು. ಉಬ್ಬರ ಬಂದಾಗ ಸಮುದ್ರ ನದಿಯ ಸಿಹಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಆ ನೀರನ್ನು ತೂಬಿನಿಂದ ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದರು, ಇಳಿತದಲ್ಲಿ ಹೊರಗೆ ಬಿಡುತ್ತಿದ್ದರು. ಕುಮಟಾ ಕಡೆ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ಉಪ್ಪು ನೀರು, ಇಲ್ಲಿ ಸಿಹಿ ನೀರು. ಒಡ್ಡು ಕಟ್ಟಿ ತೂಬು ಕಾಯುವ ಉಪಾಯ ಒಂದೇ ಥರ. ಇಲ್ಲಿ ಆ ಒಡ್ಡುಗಳನ್ನು ಹಾಕಿದವರು ಗುಲಾಮರು, ಭತ್ತದ ವಿದ್ಯೆಯನ್ನು ಪಶ್ಚಿಮ ಆಫ್ರಿಕಾದಿಂದ ತಂದವರಲ್ಲಿ ಅನೇಕರು ಅವರೇ. ಮೊಣಕಾಲುದ್ದ ಕೆಸರು, ಸೊಳ್ಳೆ, ಮಲೇರಿಯಾ. ಬೆಳೆ ಮಾಲೀಕರದ್ದು.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಉತ್ತರದವರಿಗೆ ಸೋತ ಮೇಲೆ, ಅಂದರೆ 1865ರ ನಂತರ, ಆ ಹಣ ನಿಂತಿತು. ಊರು ಬಡವಾಯಿತು. ಬಡತನದಿಂದಲೇ ಮನೆಗಳು ಉಳಿದವು ಅನ್ನುವುದು ವಿಚಿತ್ರ ಸತ್ಯ. ಕೆಡವಿ ಹೊಸದು ಕಟ್ಟಲು ಕಾಸಿರಲಿಲ್ಲ. ನಮ್ಮಲ್ಲೂ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕ ತೊಟ್ಟಿಮನೆಗಳೇ ಕೆಲವೊಮ್ಮೆ ಉಳಿದಿರುತ್ತವೆ, ಗಮನಿಸಿದ್ದೀರಾ? 1920ರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಮತ್ತು ಜೊತೆಗಾರರು ಜೋಸೆಫ್ ಮನಿಗೋ ಮನೆ ಉಳಿಸಲು ಸಂಘ ಕಟ್ಟಿದರು. 1931ರಲ್ಲಿ ನಗರ ತನ್ನ ಹಳೆ ಭಾಗವನ್ನು ಕಾನೂನಿನಿಂದ ರಕ್ಷಿಸಿತು. ಅಮೆರಿಕದಲ್ಲಿ ಅಂಥ ಮೊದಲ ಕಾನೂನು ಅದು. ಆದರೆ ಆಗ ಉಳಿಸಿದವರ ಕಣ್ಣಿಗೆ ಬಿದ್ದದ್ದು ನಡುಮನೆ, ಮೆಟ್ಟಿಲು, ಕೆತ್ತನೆ. ಹಿತ್ತಿಲಿನ ಕಟ್ಟಡಗಳು ಗ್ಯಾರೇಜ್, ಬಾಡಿಗೆ ಕೋಣೆ, ಅಂಗಡಿ ಆದವು. ನಿಮ್ಮ ಮನಸ್ಸಿಗೆ ಆದ ಕಸಿವಿಸಿಗೆ ಮೂಲ ಅಲ್ಲಿದೆ. ಎಷ್ಟೋ ವರ್ಷ ಈ ಊರು ಅರ್ಧ ಮನೆಯನ್ನಷ್ಟೇ ತೋರಿಸಿತು.

ಹಾಗಾಗಿ ನನ್ನ ಅಭಿಪ್ರಾಯ ನೇರ: ಹೋಗಿ. ಆದರೆ ಹತ್ತು ಮನೆ ಬೇಡ. ಹಿತ್ತಿಲು ಉಳಿದಿರುವ ಎರಡು ಮನೆ ಆರಿಸಿ.

ಮೊದಲನೆಯದು ಎಲಿಜ಼ಬೆತ್ ಬೀದಿಯ ಏಕನ್-ರೆಟ್ ಮನೆ. 1820ರ ಸುಮಾರಿನದು. ಗವರ್ನರ್ ಆಗಿದ್ದ ವಿಲಿಯಂ ಏಕನ್ ಎಂಬ ದೊಡ್ಡ ಭತ್ತದ ಜಮೀನ್ದಾರನ ಮನೆ. ಇದನ್ನು ಹೊಸದಾಗಿ ಮಾಡಿಲ್ಲ, ಸಿಕ್ಕ ಹಾಗೆ ಕಾಪಾಡಿದ್ದಾರೆ. ಗೋಡೆ ಕಾಗದ ಸುಲಿದಿದೆ, ಬಣ್ಣ ಉದುರಿದೆ. "ಪಾಳು ಮನೆಗೆ ದುಡ್ಡು ಕೊಟ್ವಾ?" ಅಂತ ಗೊಣಗುವವರೂ ಇದ್ದಾರೆ. ನನಗೆ ಊರಿನಲ್ಲೇ ಅತ್ಯಂತ ಇಷ್ಟದ ಮನೆ. ಹಿತ್ತಿಲಿನಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಕುದುರೆ ಲಾಯ, ಮೇಲೆ ಜನ ಮಲಗುತ್ತಿದ್ದ ಕೋಣೆಗಳು ಹಾಗೆಯೇ ಇವೆ. ಎತ್ತರದ ಗೋಡೆಯ ಒಳಗಿನ ಅಂಗಳ. ನಿಂತು ಮೇಲೆ ನೋಡಿದರೆ ಯಜಮಾನನ ಕಿಟಕಿಗಳಿಂದ ಇಡೀ ಅಂಗಳ ಕಾಣುತ್ತದೆ ಅನ್ನುವುದು ಅರಿವಾಗುತ್ತದೆ. ಕಿವಿಗೆ ಹಾಕಿಕೊಂಡು ಕೇಳುವ ಆಡಿಯೋ ವಿವರಣೆ ಇರುವುದರಿಂದ ನಿಮ್ಮ ತಂದೆ ತಮ್ಮದೇ ವೇಗದಲ್ಲಿ ನಡೆಯಬಹುದು. ಮೆಟ್ಟಿಲುಗಳಿವೆ, ಮುಂಚೆ ಫೋನ್ ಮಾಡಿ ಕೇಳಿ. ಮೊಣಕಾಲು ಒಪ್ಪದಿದ್ದರೆ ಅವರು ಅಂಗಳದಲ್ಲೇ ಇರಲಿ, ನಷ್ಟವಿಲ್ಲ.

ಏಕನ್-ರೆಟ್ ಮನೆಯನ್ನು ನೋಡಿಕೊಳ್ಳುವ ಸಂಸ್ಥೆಯದೇ ಇನ್ನೊಂದು ಮನೆ ಮೀಟಿಂಗ್ ಬೀದಿಯ ನಥಾನಿಯಲ್ ರಸೆಲ್ ಮನೆ, 1808ರದು. ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ಎಲ್ಲರೂ ಹೋಗೋದು ಅಲ್ಲಿನ ಆಧಾರವೇ ಇಲ್ಲದಂತೆ ಮೂರು ಅಂತಸ್ತು ಸುತ್ತಿ ಏರುವ ಮೆಟ್ಟಿಲಿಗೆ. ನಿಜಕ್ಕೂ ಸುಂದರ. ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಹಿಂದಿನ ಅಡುಗೆ ಕಟ್ಟಡದ ಗೋಡೆಯೊಳಗೆ ಸಿಕ್ಕ ಇಲಿ ಗೂಡುಗಳು. ಇಲಿಗಳು ಎಳೆದುಕೊಂಡು ಹೋಗಿ ಕೂಡಿಟ್ಟ ಬಟ್ಟೆ ಚೂರು, ಗುಂಡಿಗಳ ನಡುವೆ ಅಕ್ಷರ ಕಲಿಯುವ ಪುಸ್ತಕದ ಹರಕು ಸಿಕ್ಕಿತು. ಈ ರಾಜ್ಯದಲ್ಲಿ ಗುಲಾಮರಿಗೆ ಬರೆಯಲು ಕಲಿಸುವುದನ್ನು 1740ರಲ್ಲಿ, ಓದಲು ಕಲಿಸುವುದನ್ನು 1834ರಲ್ಲಿ ಅಪರಾಧ ಮಾಡಿದ್ದರು. ಆ ಅಟ್ಟದಲ್ಲಿ ಯಾರೋ ಅಕ್ಷರ ತಿದ್ದುತ್ತಿದ್ದರು ಅಂತ ಊಹಿಸಬಹುದು. ನಿಮ್ಮ ತಂದೆ ಮೇಷ್ಟ್ರು ಅಂದಿರಿ. ಅವರಿಗೆ ಇದನ್ನು ಹೇಳಿ.

ಮಗಳಿಗೆ ಏನು ಹೇಳೋದು? ಒಂಬತ್ತು ವರ್ಷದ ಮಕ್ಕಳಿಗೆ ಅನ್ಯಾಯ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸುಳ್ಳು ಹೇಳಬೇಡಿ. 'ಕೆಲಸದವರು' ಅನ್ನಬೇಡಿ, ಸಂಬಳ ಇರಲಿಲ್ಲ, ಬಿಟ್ಟು ಹೋಗುವ ಹಾಗಿರಲಿಲ್ಲ. ಹಾಗೆಯೇ ಹೊಡೆತ, ಹಿಂಸೆಯ ಎಲ್ಲ ವಿವರ ಈಗಲೇ ಬೇಕಾಗಿಲ್ಲ. ಹಳೆ ಇಟ್ಟಿಗೆಗಳ ಮೇಲೆ ಬೆರಳ ಗುರುತು ಹುಡುಕಲು ಹೇಳಿ. ಹಸಿ ಇಟ್ಟಿಗೆ ಎತ್ತಿಟ್ಟವರ ಬೆರಳು ಕೆಲವು ಕಡೆ ಅಚ್ಚಾಗಿ ಉಳಿದಿದೆ. ಕೆಲವು ಪುಟ್ಟ ಬೆರಳುಗಳು. ನಾನು ನೋಡಿದ ಮಕ್ಕಳೆಲ್ಲ ತಮ್ಮ ಬೆರಳನ್ನು ಅದರೊಳಗೆ ಇಟ್ಟು ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಮತ್ತೆ ಅವಳಿಗೆ ರಾಬರ್ಟ್ ಸ್ಮಾಲ್ಸ್ ಕಥೆ ಹೇಳಿ. ಬ್ಯಾಟರಿ ಅನ್ನುವ ಸಮುದ್ರದ ದಂಡೆಯಲ್ಲಿ ಕೂತು, ಎದುರು ಫೋರ್ಟ್ ಸಮ್ಟರ್ ಕೋಟೆ ಕಾಣುವಾಗ ಹೇಳಿ. 1862ರ ಮೇ 13, ಬೆಳಗಿನ ಜಾವ. ಇಪ್ಪತ್ಮೂರು ವರ್ಷದ ಗುಲಾಮ, ಹಡಗು ನಡೆಸುವುದು ಗೊತ್ತಿದ್ದವನು. ಬಿಳಿಯ ಅಧಿಕಾರಿಗಳು ಊರಿನೊಳಗೆ ಮಲಗಿದ್ದಾಗ 'ಪ್ಲಾಂಟರ್' ಅನ್ನುವ ಯುದ್ಧದ ಹಡಗನ್ನೇ ಹೊರಡಿಸಿದ. ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು, ಅವನ ಹಾಗೆಯೇ ನಿಂತು, ಪ್ರತಿ ಕೋಟೆಗೂ ಸರಿಯಾದ ಸಿಳ್ಳೆಯ ಸಂಕೇತ ಕೊಟ್ಟು ದಾಟಿಸಿದ. ಒಳಗೆ ಅವನ ಹೆಂಡತಿ ಮಕ್ಕಳು, ಜೊತೆಯವರು. ಎದುರು ಪಕ್ಷದ, ಅಂದರೆ ಉತ್ತರದವರ, ನೌಕಾಪಡೆ ಸೇರಿ ಸ್ವತಂತ್ರನಾದ. ಮುಂದೆ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ. ತಾನು ಗುಲಾಮನಾಗಿ ಹುಟ್ಟಿದ್ದ ಬ್ಯೂಫೋರ್ಟ್‌ನಲ್ಲಿ, ತನ್ನ ಯಜಮಾನನ ಮನೆಯನ್ನೇ ಕೊಂಡ! ಆ ಮನೆ ಪ್ರಿನ್ಸ್ ಬೀದಿಯಲ್ಲಿ ಈಗಲೂ ಇದೆ, ಖಾಸಗಿ, ಹೊರಗಿಂದ ನೋಡಬಹುದು.

ಚಾಮರ್ಸ್ ಬೀದಿಯ ಓಲ್ಡ್ ಸ್ಲೇವ್ ಮಾರ್ಟ್ ಮ್ಯೂಸಿಯಂ ಚಿಕ್ಕದು, ಓದುವುದು ಜಾಸ್ತಿ. ನೀವೂ ನಿಮ್ಮ ತಂದೆಯೂ ಹೋಗಿ, ಮಗಳಿಗೆ ಭಾರವಾಗಬಹುದು. 2023ರ ಜೂನ್‌ನಲ್ಲಿ ತೆರೆದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಎಲ್ಲರಿಗೂ ಸರಿ. ಅದು ನಿಂತಿರುವುದು ಗ್ಯಾಡ್ಸ್‌ಡನ್ಸ್ ವಾರ್ಫ್ ಜಾಗದಲ್ಲಿ. ಆಫ್ರಿಕಾದಿಂದ ಬಂದ ಹಡಗುಗಳು ಜನರನ್ನು ಇಳಿಸುತ್ತಿದ್ದ ಕಟ್ಟೆ ಅದು. ಆ ಮಣ್ಣಿನ ಮೇಲೆ ಕಟ್ಟಡ ಕೂರಬಾರದು ಅಂತ ಇಡೀ ಮ್ಯೂಸಿಯಮ್ಮನ್ನು 18 ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಕೆಳಗಿನ ಸ್ಮಾರಕ ತೋಟಕ್ಕೆ ಟಿಕೆಟ್ ಇಲ್ಲ. ನೆಲದಲ್ಲಿ ಮಲಗಿದ ಮನುಷ್ಯರ ಆಕಾರಗಳ ಮೇಲೆ ನೀರು ಬಂದು ಹೋಗುತ್ತದೆ.

ಊರ ಹೊರಗಿನ ಪ್ಲಾಂಟೇಶನ್‌ಗಳಲ್ಲಿ, ಅಂದರೆ ಗುಲಾಮರು ದುಡಿದ ಎಸ್ಟೇಟುಗಳಲ್ಲಿ, ಒಂದು ಸಾಕು. ಬೂನ್ ಹಾಲ್‌ನ ಓಕ್ ಸಾಲು ಕಣ್ಣಿಗೆ ಹಬ್ಬ, ಆದರೆ ಆ ದೊಡ್ಡ ಮನೆ 1936ರಲ್ಲಿ ಕಟ್ಟಿದ್ದು. ಅಲ್ಲಿ ನಿಜಕ್ಕೂ ಹಳೆಯದು ಗುಲಾಮರ ಒಂಬತ್ತು ಇಟ್ಟಿಗೆ ಗುಡಿಸಲು. ಮಿಡ್ಲ್‌ಟನ್ ಪ್ಲೇಸ್‌ನ ಮುಖ್ಯ ಮನೆ 1865ರಲ್ಲೇ ಸುಟ್ಟಿತು, ತೋಟ ಚೆನ್ನಾಗಿದೆ. ಕಟ್ಟಡದ ಹುಚ್ಚು ಇದ್ದವರಿಗೆ ಡ್ರೇಟನ್ ಹಾಲ್. ಒಳಗೆ ಕುರ್ಚಿ ಮೇಜು ಏನೂ ಇಲ್ಲ, ಮನೆಯೇ ಪ್ರದರ್ಶನ. ನಿಮ್ಮ ಕುಟುಂಬಕ್ಕಾದರೆ ನಾನು ಜೇಮ್ಸ್ ದ್ವೀಪದ ಮೆಕ್ಲೌಡ್ ಹೇಳುತ್ತೇನೆ. ಹತ್ತಿರ ಇದೆ, ಚಿಕ್ಕದಿದೆ, ಅಲ್ಲಿನ ವಿವರಣೆಯಲ್ಲಿ ಮೊದಲ ಸ್ಥಾನ ಗುಡಿಸಲುಗಳಲ್ಲಿ ಬದುಕಿದವರಿಗೆ. ತೊಂದರೆ ಅಂದರೆ ಹೆಚ್ಚಿನದೆಲ್ಲ ಬಯಲಿನಲ್ಲಿ, ಬಿಸಿಲಿನಲ್ಲಿ.

ಅದಕ್ಕೇ ಜುಲೈ ಬೇಡ ಅನ್ನೋದು. ಇಲ್ಲಿನ ಜುಲೈ ಅಂದರೆ ಮಂಗಳೂರಿನ ಮೇ ತಿಂಗಳು. ಬೆವರು ಒಣಗುವುದೇ ಇಲ್ಲ. ತಂದೆ ತಾಯಿ ಅಕ್ಟೋಬರ್‌ವರೆಗೆ ಇರುತ್ತಾರಲ್ಲ, ಅಕ್ಟೋಬರ್ ನಡುವೆ ಹೋಗಿ. ಆಗ ಇರುವ ಅಪಾಯ ಎರಡು. ಚಂಡಮಾರುತದ ಕಾಲ ನವೆಂಬರ್ 30ರವರೆಗೆ ಇರುತ್ತದೆ, ಹಾಗಾಗಿ ರದ್ದು ಮಾಡಿದರೆ ಹಣ ವಾಪಸ್ ಬರುವ ಹೋಟೆಲೇ ನೋಡಿ. ಇನ್ನೊಂದು ಸಮುದ್ರದ ಉಬ್ಬರ. ಹಳೆ ಊರಿನ ಎಷ್ಟೋ ಬೀದಿಗಳು ಹಿಂದೆ ತೋಡು, ಜೌಗು ಆಗಿದ್ದವು, ಮಣ್ಣು ತುಂಬಿ ಮಾಡಿದ್ದು. ಮಾರ್ಕೆಟ್ ಜಾಗವೂ ಹಾಗೆಯೇ. ಉಬ್ಬರ 7 ಅಡಿ ದಾಟಿದರೆ ಮಳೆಯೇ ಇಲ್ಲದೆ ಬೀದಿಗೆ ನೀರು ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ. ಅಮ್ಮನ ಹತ್ತಿರ ಪಂಚಾಂಗ ಇದ್ದರೆ ಸಪ್ತಮಿ ಅಷ್ಟಮಿ ನೋಡಿ ದಿನ ಇಡಿ, ಆಮೇಲೆ ಉಬ್ಬರದ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ. ನೀರು ನಿಂತ ಬೀದಿಯಲ್ಲಿ ಕಾರು ಇಳಿಸಬೇಡಿ, ಅದು ಉಪ್ಪು ನೀರು.

ಜುಲೈಗೇ ಹೋಗಲೇಬೇಕಾದರೆ ಬೆಳಿಗ್ಗೆ ಬೇಗ ಒಂದು ಮನೆ, ಮಧ್ಯಾಹ್ನ ಮ್ಯೂಸಿಯಂ, ಸಂಜೆ ದಂಡೆ. ಅಷ್ಟಕ್ಕೇ ನಿಲ್ಲಿಸಿ.

ಕುದುರೆ ಗಾಡಿ ತಂದೆಯ ಮೊಣಕಾಲಿಗೆ ಒಳ್ಳೆಯದು. ಆದರೆ ಯಾವ ಬೀದಿಗೆ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲೂ ಇಲ್ಲ, ಗಾಡಿಯವನ ಕೈಯಲ್ಲೂ ಇಲ್ಲ. ಒಂದೇ ಕಡೆ ಗಾಡಿಗಳು ಮುತ್ತದಿರಲಿ ಅಂತ ನಗರದವರು ಲಾಟರಿ ಎತ್ತಿ ದಾರಿ ಕೊಡುತ್ತಾರೆ. ರೇನ್‌ಬೋ ರೋ ಸಿಗದೆಯೂ ಇರಬಹುದು. ಬಿಸಿಲು 95 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ರಾಣಿಗಳನ್ನು ಕೊಟ್ಟಿಗೆಗೆ ಕಳಿಸುವ ನಿಯಮವಿದೆ. ಸುಮ್ನೆ ಸುತ್ತಾಡಲು 'ಡ್ಯಾಶ್' ಅನ್ನುವ ಉಚಿತ ಬಸ್ಸು ಇದೆ, ಅದನ್ನೇ ಬಳಸಿ. ಚಾಮರ್ಸ್ ಬೀದಿಯ ಉರುಟು ಕಲ್ಲುಗಳ ಮೇಲೆ ತಂದೆಯನ್ನು ನಡೆಸಬೇಡಿ, ಪಕ್ಕದ ಕಾಲುದಾರಿ ಹಿಡಿಯಿರಿ. ಭೂತದ ಟೂರ್? ಬಿಡಿ. ಫೋರ್ಟ್ ಸಮ್ಟರ್ ದೋಣಿಗೆ ಹೋಗಿ ಬರಲು ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. 1861ರ ಯುದ್ಧ ಶುರುವಾದ ಜಾಗ, ತಂದೆ ಕೇಳಿದರೆ ಮಾತ್ರ.

ಅಮ್ಮನ ಊಟದ ಬಗ್ಗೆ ಎಚ್ಚರ. ಇಲ್ಲಿನ ಸೊಪ್ಪಿನ ಪಲ್ಯ ನೋಡಲು ನಮ್ಮದೇ ಥರ ಇರುತ್ತದೆ, ಹಂದಿ ಮಾಂಸ ಹಾಕಿ ಬೇಯಿಸಿರುತ್ತಾರೆ. ಅಲಸಂದೆ ಕಾಳು ಅನ್ನ, ಕೆಂಪು ಅನ್ನ ಕೂಡ ಹಾಗೆಯೇ. ಕೇಳದೆ ತಿನ್ನಬೇಡಿ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚಿನ ಗಂಜಿ, ಸೀಗಡಿ ಇಲ್ಲದೆ ಕೊಡಿ ಅಂದರೆ ಕೊಡುತ್ತಾರೆ. ಮತ್ತೆ ರಸ್ತೆ ಬದಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ. ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸಿದ್ದು, ಈ ರಾಜ್ಯದ ಅಧಿಕೃತ ತಿಂಡಿಯೇ ಅದು!

ಮೂರನೇ ದಿನ ಬೆಳಿಗ್ಗೆ ಚರ್ಚ್ ಬೀದಿಯ ಹೇವರ್ಡ್-ವಾಷಿಂಗ್ಟನ್ ಮನೆಗೆ ಹೋಗಿ, 1772ರದು. ನಾನು ಎರಡು ಮನೆ ಅಂದಿದ್ದೆ, ಇದು ನಿಮ್ಮ ತಂದೆಗಾಗಿ ಮೂರನೆಯದು. ಥಾಮಸ್ ಹೇವರ್ಡ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1780ರ ಮೇ ತಿಂಗಳಲ್ಲಿ ಬ್ರಿಟಿಷರು ಈ ಊರನ್ನು ಹಿಡಿದಾಗ ಸೆರೆಯಾದ. ಆ ಬ್ರಿಟಿಷ್ ಸೈನ್ಯದ ಎರಡನೇ ದಂಡನಾಯಕ ಯಾರು ಗೊತ್ತಾ? ನಮ್ಮ ಕಾರ್ನ್‌ವಾಲಿಸ್! ಮರುವರ್ಷ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಶರಣಾದ. ಅಲ್ಲಿ ಸೋತವನು ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. 1791ರ ಮಾರ್ಚ್‌ನಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಸಿದ. ಅದಾದ ಒಂದೂವರೆ ತಿಂಗಳಿಗೆ, 1791ರ ಮೇ ಮೊದಲ ವಾರ, ಅಧ್ಯಕ್ಷ ವಾಷಿಂಗ್ಟನ್ ಈ ಮನೆಯಲ್ಲಿ ಬಿಡಾರ ಹೂಡಿದ್ದ.

ನಿಮ್ಮ ತಂದೆ ಮುಂದಿನ ಕೋಣೆಗಳಲ್ಲಿ ನಿಂತು ಇದನ್ನೆಲ್ಲ ಗೈಡ್‌ಗೇ ಪಾಠ ಮಾಡುತ್ತಿರಲಿ. ನೀವು ಅಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಅಡುಗೆಮನೆ ಅಡುಗೆಮನೆಯಾಗಿಯೇ ಉಳಿದಿದೆ. ಮುಂದಿನ ಮನೆಗಿಂತ ಹಳೆಯದು. ಒಲೆ ಆಳೆತ್ತರ ಇದೆ.